ಬೋಟು ಹತ್ತುವ ಮೊದಲು ಓದು

ಕುಂಬಳೆ,
ಶುಕ್ರವಾರ ರಾತ್ರಿ

ಪ್ರೀತಿಯ ಮಗಳೇ,

ಭಾನುವಾರ ನೀನು ಬೋಟಿನಲ್ಲಿ ತಿಮಿಂಗಿಲ, ಕಡಲ ಹಕ್ಕಿ ನೋಡಲು ಹೋಗುವ ವಿಷಯಕ್ಕೆ ಮೊನ್ನೆ ಫೋನಿನಲ್ಲಿ ಆದ ಜಗಳ ಇಬ್ಬರಿಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ಕಡೆಯ ಮಾತೊಂದನ್ನು ನಾನು ಆಡಬಾರದಿತ್ತು. ನೀನು ಫೋನ್ ಇಟ್ಟ ಮೇಲೆ ಅಂಗಡಿಗೆ ಬಂದವರಿಗೆಲ್ಲ ತಪ್ಪು ಚಿಲ್ಲರೆ ಕೊಟ್ಟೆ. ಒಬ್ಬ ಮಾತ್ರ ವಾಪಸ್ ತಂದುಕೊಟ್ಟ.

ಮೆಸೇಜ್ ಹಾಕಿದರೆ ನೀನು ಓದಿ ಸುಮ್ಮನಾಗುತ್ತೀಯ. ಅದಕ್ಕೆ ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ಅರ್ಥವಾಗದಿದ್ದರೆ ದೊಡ್ಡದು ಮಾಡಿ ನೋಡು.

ನೀನು ನ್ಯೂಜಿಲೆಂಡಿನ ಆ ಕಡಲ ಊರು ಕೈಕೌರಾ ಅಂದ ಕೂಡಲೇ ನಾನು ಗೂಗಲ್‌ನಲ್ಲಿ ಹುಡುಕಿದ್ದೆ. ಮೊದಲು ತಿಮಿಂಗಿಲದ ಬಾಲದ ಚಿತ್ರಗಳು ಬಂದವು. ಕೆಳಗೆ 2022ರ ಸೆಪ್ಟೆಂಬರ್ 10ರ ಸುದ್ದಿ. ಅದೂ ಬಾಡಿಗೆ ಬೋಟು. ನಿನ್ನ ಹಾಗೆಯೇ ಕಡಲ ಹಕ್ಕಿಗಳ ಫೋಟೋ ತೆಗೆಯಲು ಹೊರಟವರು. 11 ಜನ ಇದ್ದರು. ಗೂಸ್ ಬೇ ಹತ್ತಿರ ಬೋಟು ಮಗುಚಿ 5 ಜನ ತೀರಿಹೋದರು. ತಿಮಿಂಗಿಲವೇ ಅಡಿಯಿಂದ ತಾಗಿರಬೇಕು ಅಂದರು. ಕಡಲು ಶಾಂತವಾಗಿತ್ತಂತೆ. ಅದೇ ನನ್ನ ನಿದ್ದೆ ಕೆಡಿಸಿದ್ದು. ಕಡಲು ಅಬ್ಬರಿಸಿದರೆ ಬೋಟೇ ಹೊರಡುವುದಿಲ್ಲ, ನಾನು ಹಾಯಾಗಿ ಮಲಗಬಹುದು. ಶಾಂತ ಕಡಲಿಗೆ ಏನು ಮಾಡಲಿ?

"ಕಡಲು ನನಗೆ ಗೊತ್ತು, ನಿನಗಲ್ಲ" ಎಂದು ಕೂಗಿದೆನಲ್ಲ, ಅದು ಸುಳ್ಳು. ನನಗೆ ಗೊತ್ತಿರುವುದು ಸಾಲದ ಪುಸ್ತಕದೊಳಗಿನ ಕಡಲು. ಜೂನ್ 9ರ ನಡುರಾತ್ರಿ ಟ್ರಾಲಿಂಗ್ ನಿಷೇಧ, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯಬಾರದು ಎನ್ನುವುದು, ಶುರುವಾದರೆ 52 ದಿನ ಬೋಟಿಗೆ ಹೋಗುವವರ ಅಕ್ಕಿ, ಬೆಲ್ಲ, ಎಣ್ಣೆ ಎಲ್ಲ ಪುಸ್ತಕಕ್ಕೆ. ಆಗಸ್ಟಿನಲ್ಲಿ ಮೀನು ಬಿದ್ದರೆ ಲೆಕ್ಕ ಹೊಡೆದು ಹಾಕುತ್ತೇನೆ. ದೋಣಿ ಹತ್ತಿದವನೇ ಅಲ್ಲ ನಾನು.

ಇನ್ನೊಂದು ಸುಳ್ಳೂ ಇದೆ. 17 ವರ್ಷದ್ದು.

ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕೊಯಿಪ್ಪಾಡಿ ಕಡಪ್ಪುರಕ್ಕೆ ಸತ್ತ ತಿಮಿಂಗಿಲ ಬಂದು ಬಿದ್ದಿತ್ತು. ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ನಾವು ಹೋಗುವಾಗ ಮರಳಿನ ದಿಬ್ಬ ಮಾತ್ರ ಇತ್ತು. ಜೆಸಿಬಿ ಚಕ್ರದ ಗುರುತು, ಬ್ಲೀಚಿಂಗ್ ಪೌಡರಿನ ವಾಸನೆ. ನೀನು ದಿಬ್ಬದ ಮೇಲೆ ಕೈಯಿಟ್ಟು, "ತಲೆ ಯಾವ ಕಡೆಗೆ ಅಪ್ಪಾ?" ಎಂದು ಕೇಳಿದೆ. ನನಗೇನು ಗೊತ್ತು, ನಾನೂ ನೋಡಿಲ್ಲವಲ್ಲ ಅಂದೆ.

ನೋಡಿದ್ದೆ. ಬೆಳಿಗ್ಗೆ ನಿನ್ನನ್ನು ಶಾಲೆಗೆ ಬಿಟ್ಟು ಸ್ಕೂಟರಿನಲ್ಲಿ ಸೀದಾ ಅಲ್ಲಿಗೇ ಹೋಗಿದ್ದೆ. ತಲೆ ಮಂಗಳೂರಿನ ಕಡೆಗೆ, ಬಾಲ ಕಾಸರಗೋಡಿನ ಕಡೆಗೆ. ಪಕ್ಕದಲ್ಲೇ ನಡೆದು ಅಳೆದೆ, 14 ಹೆಜ್ಜೆ. ಗಂಟಲಿನ ಕೆಳಗೆ ಉದ್ದುದ್ದ ಗೆರೆಗಳು, ಒಣಗಿದ ಅಡಿಕೆ ಹಾಳೆಯಲ್ಲಿ ಇರುತ್ತದಲ್ಲ, ಹಾಗೆಯೇ. ಅಷ್ಟು ದೊಡ್ಡ ದೇಹಕ್ಕೆ ಕಣ್ಣು ನನ್ನ ಮುಷ್ಟಿಯಷ್ಟು. ಒಬ್ಬರು ಅಜ್ಜಿ ಮೂಗಿಗೆ ಹಿಡಿದಿದ್ದ ಸೆರಗು ಬಿಟ್ಟು ಕೈ ಮುಗಿದರು. ನಾನು ಮುಗಿಯಲಿಲ್ಲ. ಚರ್ಮ ಮುಟ್ಟಿ ನೋಡಬೇಕು ಅನಿಸಿತು, ಅದನ್ನೂ ಮಾಡಲಿಲ್ಲ.

ಮಗು ಮೊದಲ ಸಲ ನೋಡುವ ತಿಮಿಂಗಿಲ ಊದಿಕೊಂಡು ನಾರುತ್ತಿರಬಾರದು ಎಂದು ಯೋಚಿಸಿದೆ, ಹೀಗೆ ಹೇಳಿದರೆ ಚೆನ್ನಾಗಿರುತ್ತದೆ. ಎಷ್ಟೋ ಸಲ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ನಿಜವೆಂದರೆ ಅಂದು ಅಂಗಡಿಗೆ ಲೋಡು ಬರುವುದಿತ್ತು. ಮಧ್ಯಾಹ್ನ ಶಾಲೆಗೆ ಬಂದು ನಿನ್ನನ್ನು ಕರೆದೊಯ್ಯಲು ಅರ್ಧ ಗಂಟೆ ಸಾಕಿತ್ತು. ಅಕ್ಕಿ ಮೂಟೆ ಎಣಿಸುತ್ತಾ ಕೂತೆ. ಲೋಡು ಬಂದದ್ದು ಮರುದಿನ.

ಆ ದಿಬ್ಬದ ಮೇಲೆ ನೀನು ಬೆರಳಿನಲ್ಲಿ ಒಂದು ತಿಮಿಂಗಿಲ ಬಿಡಿಸಿದ್ದೆ. ತಲೆಯನ್ನು ಕಾಸರಗೋಡಿನ ಕಡೆಗೆ ಹಾಕಿದ್ದೆ. ತಪ್ಪು ಎಂದು ಹೇಳಲೂ ಬಾಯಿ ಬರಲಿಲ್ಲ.

ಇರಲಿ. ಈಗ ಭಾನುವಾರದ ವಿಷಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ಎಣ್ಣೆ ತಿಂಡಿಯೂ ಬೇಡ. ವಾಂತಿಯ ಮಾತ್ರೆ ಹತ್ತುವ ಮೊದಲೇ ತೆಗೆದುಕೋ, ತಲೆ ತಿರುಗಿದ ಮೇಲೆ ತೆಗೆದುಕೊಂಡರೆ ಏನು ಪ್ರಯೋಜನ? ಲೈಫ್ ಜಾಕೆಟ್ ಮಡಿಲಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದು ಅಂಚಿಗೆ ಒರಗಬೇಡ. ಆ ನೀರು ನಮ್ಮ ಕಡಲಿನ ಹಾಗೆ ಬೆಚ್ಚಗಿಲ್ಲ, ಒಳ್ಳೆ ಈಜುಗಾರನಿಗೂ ಕೈಕಾಲು ಮರಗಟ್ಟುತ್ತದೆ. ದಡ ಬಿಟ್ಟು ಸ್ವಲ್ಪ ದೂರಕ್ಕೇ ಕೆಳಗೆ ಸಾವಿರ ಮೀಟರಿಗಿಂತ ಆಳದ ಕಂದಕವಂತೆ. ನರ್ಸಿಗೆ ಮಾತ್ರೆ ಹೇಳಿಕೊಡುವ ಅಪ್ಪ ಎಂದು ನೀನು ನಗುತ್ತಿರಬಹುದು. ನಗು, ಆದರೆ ಜಾಕೆಟ್ ಹಾಕಿಕೋ.

ಆ ಕಂದಕ ಇರುವುದಕ್ಕೇ ತಿಮಿಂಗಿಲ ದಡದ ಇಷ್ಟು ಹತ್ತಿರ ಬರುತ್ತದೆ ಎನ್ನುವುದನ್ನೂ ಓದಿದೆ. ನೀರಿಗೆ ಮೈಕು ಇಳಿಸಿ, ಅದು ಟಕಟಕ ಸದ್ದು ಮಾಡುವುದನ್ನು ಕೇಳಿ ಹುಡುಕುತ್ತಾರಂತೆ. ಆಲ್ಬಟ್ರಾಸ್ ಹಕ್ಕಿಯ ರೆಕ್ಕೆ ಈ ತುದಿಯಿಂದ ಆ ತುದಿಗೆ 3 ಮೀಟರ್ ಅಂತ ನೀನು ಹೇಳಿದಾಗ ನಂಬಿರಲಿಲ್ಲ. ಈಗ ಅಂಗಡಿಯ ಶಟರ್ ಅಳೆದು ನೋಡಿದೆ, ಎರಡೂವರೆ. ಆ ಹಕ್ಕಿ ನಮ್ಮ ಅಂಗಡಿಗೆ ಬರಬೇಕಾದರೆ ಓರೆಯಾಗಿ ನುಗ್ಗಬೇಕು. ಬೆಟ್ಟದ ಮೇಲೆ ಗೂಡು ಮಾಡುವ ಆ ಇನ್ನೊಂದು ಹಕ್ಕಿ, ಹಟನ್ಸ್ ಶಿಯರ್‌ವಾಟರ್, ಅದರ ಮರಿಗಳು ಮೊದಲ ಸಲ ಕಡಲಿಗೆ ಹೊರಟಾಗ ಪೇಟೆಯ ದೀಪ ಕಂಡು ಗಲಿಬಿಲಿಯಾಗಿ ರಸ್ತೆಗೆ ಬೀಳುತ್ತವೆ, ಊರಿನವರು ಹೆಕ್ಕಿ ಕಡಲಿಗೆ ತಲುಪಿಸುತ್ತಾರೆ ಎಂದಿದ್ದೆ. ಅದನ್ನು ಅಂಗಡಿಗೆ ಬರುವ ಬೋಟಿನವರಿಗೆಲ್ಲ ಹೇಳಿದ್ದೇನೆ. ನನ್ನ ಮಗಳು ಹೇಳಿದ್ದು ಎಂದು ಸೇರಿಸಿ. ಒಬ್ಬರಿಗೆ ಎರಡು ಸಲ ಹೇಳಿದೆನಂತೆ.

ಬೇಡ ಅನ್ನುವುದಿಲ್ಲ. ಅಷ್ಟನ್ನು ನಿನ್ನೆಯೇ ನಿರ್ಧರಿಸಿದೆ. ನೀನು ಕೇಳುವುದೂ ಇಲ್ಲ ಅಲ್ವಾ.

ನೀನು ಒಂಬತ್ತಕ್ಕೆ ಹತ್ತುವಾಗ ಇಲ್ಲಿ ರಾತ್ರಿ ಒಂದೂವರೆ. ಎದ್ದಿರುತ್ತೇನೆ. ಎರಡು ದಿನದಿಂದ ಸಂಜೆ ಗುಡುಗು ಮಳೆ, ಕರೆಂಟು ಹೋಗುತ್ತದೆ. ಫೋನ್ ಈಗಲೇ ಚಾರ್ಜಿಗೆ ಇಟ್ಟಿದ್ದೇನೆ. ದಡಕ್ಕೆ ಕಾಲಿಟ್ಟ ಕೂಡಲೇ ಒಂದು ಮಿಸ್ ಕಾಲ್ ಕೊಡು. ಮಾತಾಡಬೇಕೆಂದಿಲ್ಲ.

ಇನ್ನೊಂದು. ಅಮ್ಮನಿಗೆ ಬೋಟಿನ ವಿಷಯ ಹೇಳಿಲ್ಲ. ಬಸ್ಸಿನಲ್ಲಿ ಬೆಟ್ಟ ನೋಡಲು ಹೋಗುತ್ತಾಳೆ ಅಂದಿದ್ದೇನೆ. ತಿಮಿಂಗಿಲದ ಫೋಟೋ ನನ್ನ ನಂಬರಿಗೆ ಮಾತ್ರ ಕಳಿಸು.

ನಿನ್ನ
ಅಪ್ಪ