ಸಿದ್ದಿಯರ ಚರಿತ್ರೆ ಹೇಳಲು ಶಿಕ್ಷಕರಿಗೆ ಕೈ ಜೋಡಿಸಿ

ಸಂಪಾದಕರಿಗೆ ನಮಸ್ಕಾರ.

ನಾನು ಗೋವಾದ ವಾಸ್ಕೋದಲ್ಲಿ ಕನ್ನಡ ಶಾಲೆಯ ಟೀಚರ್. ಆರನೇ ತರಗತಿಗೆ ಸಮಾಜ ಪಾಠ ಮಾಡುತ್ತೇನೆ. ವಿಜಯಪುರ, ಗದಗ, ಹಾವೇರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳೇ ಜಾಸ್ತಿ. ಈ ವರ್ಷ ಉತ್ತರ ಕನ್ನಡದ ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಬ್ಬ ಹುಡುಗಿ ಸೇರಿದ್ದಾಳೆ. ಎರಡನೇ ವಾರವೇ ಒಬ್ಬ ಹುಡುಗ ಅವಳ ಕೂದಲು ಎಳೆದು "ಆಫ್ರಿಕಾಕ್ಕ ಹೋಗು" ಅಂದ. ಬೈದು ಕೂರಿಸಿದೆ. ಆಗ ಇನ್ನೊಬ್ಬ ಎದ್ದು, "ಟೀಚರ್, ಹಂಗಾದ್ರ ಅವರು ಇಲ್ಲಿಗೆ ಹೆಂಗ ಬಂದ್ರು?" ಅಂತ ಕೇಳಿದ. ಚೇಷ್ಟೆಗಲ್ಲ, ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಪಾಠದ ಪುಸ್ತಕದಲ್ಲೂ ಸಿಗಲಿಲ್ಲ.

ಆಮೇಲೆ ಹುಡುಕಿ ಓದಿದೆ. ಉತ್ತರ ನಮ್ಮ ಪಕ್ಕದಲ್ಲೇ ಇತ್ತು. ಹಳೇ ಗೋವಾದ ಚರ್ಚುಗಳನ್ನು ನೋಡಲು ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವಲ್ಲ, ಅಲ್ಲೇ ರುವಾ ದಿರೈತಾ ಎಂಬ ಬೀದಿಯಲ್ಲಿ ಪೋರ್ಚುಗೀಸರು ಗುಲಾಮರನ್ನು ಹರಾಜು ಹಾಕುತ್ತಿದ್ದರು. ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನರೂ ಅವರಲ್ಲಿದ್ದರು. ತಪ್ಪಿಸಿಕೊಂಡ ಎಷ್ಟೋ ಮಂದಿ ಘಟ್ಟ ಹತ್ತಿ ಉತ್ತರ ಕನ್ನಡದ ಕಾಡು ಸೇರಿದರು. ಪೋರ್ಚುಗಲ್ ತನ್ನ ಆಳ್ವಿಕೆಯ ಎಲ್ಲ ಕಡೆ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ. ನಮ್ಮ ಹುಡುಗಿಯ ಹಿರಿಯರೂ ಹೀಗೇ ಓಡಿಹೋದವರಿರಬಹುದು. ಅದೇ ಗೋವಾಕ್ಕೆ ಈಗ ಅವಳ ಅಪ್ಪ ಕೂಲಿಗೆ ಬಂದಿದ್ದಾರೆ. ಇದನ್ನು ನೆನೆದು ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆದರೆ ತರಗತಿಯಲ್ಲಿ ನಾನು ಮೊದಲು ಹೇಳಿದ್ದು ಇಖ್ಲಾಸ್ ಖಾನನ ಕತೆ. ಗೋಲಗುಂಬಜ್ ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ದೊಡ್ಡ ಮಂತ್ರಿಯಾಗಿದ್ದವನು ಆಫ್ರಿಕಾ ಮೂಲದವನು ಅಂದಾಗ ವಿಜಯಪುರದ ಮಕ್ಕಳು ಕಣ್ಣರಳಿಸಿದರು. ಆಮೇಲೆ ಹುಡುಗಿಯ ಅವ್ವನನ್ನು ಕೇಳಿ, ಅವರು ಒಪ್ಪಿದ ಮೇಲೆ, ಅವಳ ಅಜ್ಜಿ ಹೊಲಿದ ಕೌದಿಯನ್ನು ಶಾಲೆಗೆ ತರಿಸಿದೆ. ಹಳೇ ಸೀರೆ, ಅಂಗಿಯ ತುಂಡುಗಳು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಪುಟ್ಟ ಪುಟ್ಟ ತ್ರಿಕೋನ. "ಇದಕ್ಕೆ ಫುಲ ಅಂತಾರೆ" ಅಂದಳು. ಗದಗಿನ ಹುಡುಗಿ ಬೆರಳಾಡಿಸಿ, "ನಮ್ಮವ್ವನೂ ಕೌದಿ ಹೊಲಿತಾಳ, ಇದೊಂದು ಇರಂಗಿಲ್ಲ ನೋಡ್ರಿ" ಅಂದಳು. ಕೂದಲು ಎಳೆದಿದ್ದ ಹುಡುಗ ನೆಲಕ್ಕೆ ಬಗ್ಗಿ ಹೊಲಿಗೆ ಎಣಿಸುತ್ತಿದ್ದ.

ಹರಾಜಿನ ವಿಷಯ ಮಾತ್ರ ಇನ್ನೂ ಹೇಳಿಲ್ಲ. ಹೇಳಲೇಬೇಕು. ಆದರೆ ಆ ಮಗು ಎದುರಿಗೇ ಕೂತಿರುವಾಗ ಎಲ್ಲರ ಕಣ್ಣೂ ಅವಳ ಮೇಲೆ ಬೀಳುತ್ತದೆ, ಅಲ್ವಾ? ಅವಳು ತಲೆ ತಗ್ಗಿಸದ ಹಾಗೆ ಹೇಳುವುದು ಹೇಗೆ? ಇದನ್ನು ನಮಗೆ ಯಾರೂ ಕಲಿಸಿಲ್ಲ. ಸುಮ್ನೆ ಸುತ್ತೋಲೆ ಕಳಿಸಿದರೆ ಆಗುವ ಕೆಲಸ ಇದಲ್ಲ. ಸಿದ್ದಿ ಸಮುದಾಯದವರೇ ಕೂತು ಶಿಕ್ಷಕರಿಗೆ ಎರಡು ದಿನ ತರಬೇತಿ ಕೊಡಲಿ. ಅವರ ಪ್ರಯಾಣದ ಖರ್ಚು, ಗೌರವಧನ ಇಲಾಖೆ ಕೊಡಲಿ. ನಕ್ಷೆ, ಚಿತ್ರ ಇರುವ ಸಣ್ಣದೊಂದು ಕನ್ನಡ ಪುಸ್ತಕವೂ ಬೇಕು. ಅದು 2020ರಲ್ಲಿ ಕರ್ನಾಟಕದ ವಿಧಾನ ಪರಿಷತ್ತಿಗೆ ಹೋದ ಶಾಂತಾರಾಮ ಸಿದ್ದಿ ಅವರವರೆಗೂ ಬರಲಿ. ಗೋವಾದ ಕನ್ನಡ ಸಂಘಗಳು ಇಂಥ ಪುಸ್ತಕ ಅಚ್ಚು ಹಾಕಿಸಬಹುದು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಶಾಲೆಗಳಲ್ಲಿ ಈ ಪಾಠ ಮಾಡಿದ ಶಿಕ್ಷಕರಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ಮಕ್ಕಳಿಗೆ ಮೊದಲ ಮಾತು ಏನು ಹೇಳಿದಿರಿ, ಅವರು ಏನು ಕೇಳಿದರು, ಅಷ್ಟು ಬರೆದರೂ ಸಾಕು. ಡಿಸೆಂಬರ್‌ನಲ್ಲಿ ನಾವು ಮತ್ತೆ ಹಳೇ ಗೋವಾಕ್ಕೆ ಹೋಗುತ್ತಿದ್ದೇವೆ.

— ಒಬ್ಬ ಶಿಕ್ಷಕಿ, ವಾಸ್ಕೋ, ಗೋವಾ