ಕೊಚ್ಚಿಯ ಆಟೋ ಚೇಟನಿಗೆ ಧನ್ಯವಾದ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ, ಚೇಟಾ (ಮಲಯಾಳಂನಲ್ಲಿ ಅಣ್ಣಾ). ಅಮ್ಮನಿಗೆ ಮಂಡಿನೋವು. ಮಟ್ಟಂಚೇರಿ ಅರಮನೆಯ ಮೆಟ್ಟಿಲು ನೋಡಿ "ನೀವೆಲ್ಲ ಹೋಗಿ ಬನ್ನಿ" ಅಂತ ಹೊರಗೇ ಕೂತಿದ್ದರು. ನೀವು ಆಟೋ ಬದಿಗೆ ನಿಲ್ಲಿಸಿ ಬಂದು, ಕೈಹಿಡಿದು ನಿಧಾನಕ್ಕೆ ಹತ್ತಿಸಿದಿರಿ. 1555ರ ಸುಮಾರಿಗೆ ಪೋರ್ಚುಗೀಸರು ಕೊಚ್ಚಿ ರಾಜನಿಗೆ ಕಟ್ಟಿಸಿಕೊಟ್ಟ ಅರಮನೆ, ಆಮೇಲೆ ಡಚ್ಚರು ರಿಪೇರಿ ಮಾಡಿಸಿದ್ದಕ್ಕೆ ಡಚ್ ಅರಮನೆ ಅನ್ನುತ್ತಾರೆ ಅಂತ ಹೇಳಿದವರೂ ನೀವೇ.

ಒಳಗೆ ರಾಜನ ಮಲಗುವ ಕೋಣೆಯ ಗೋಡೆ ತುಂಬಾ ರಾಮಾಯಣ. ಕಾವಿ ಕೆಂಪು, ಹಳದಿ, ಹಸಿರು. ಬೆರಳಿಡುವಷ್ಟೂ ಜಾಗ ಖಾಲಿ ಬಿಟ್ಟಿಲ್ಲ. ಅಮ್ಮ ಒಂದೊಂದೇ ಕಥೆ ಗುರುತು ಹಿಡಿಯುತ್ತಾ ನಿಂತುಬಿಟ್ಟರು. ಸಂಜೆ ಕಡಲತೀರದಲ್ಲಿ ಮೀನು ಹಿಡಿಯುವ ಚೀನಾ ಬಲೆಗಳನ್ನೂ ನೋಡಿದೆವು. ಆದರೆ ಅಮ್ಮ ಊರಲ್ಲಿ ಸಿಕ್ಕವರಿಗೆಲ್ಲ ಹೇಳುವುದು ಆ ಗೋಡೆಯ ಬಗ್ಗೆ, ನಿಮ್ಮ ಬಗ್ಗೆ. ಅಷ್ಟು ಹೊತ್ತು ಕಾದಿದ್ದಕ್ಕೆ ಜಾಸ್ತಿ ದುಡ್ಡೂ ಮುಟ್ಟಲಿಲ್ಲ ನೀವು. ತುಂಬಾ ಥ್ಯಾಂಕ್ಸ್, ಚೇಟಾ.