ನೆನಪು ಮೆಲುಕಾಗುವ ಹೊತ್ತು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಉಳಿದಿದೆ. ಅಮ್ಮ ಅಂದರೆ ಆಸ್ಪತ್ರೆಯ ಕೊನೆಯ ಎರಡು ವಾರವೇ ಕಣ್ಣಿಗೆ ಬರುತ್ತದೆ, ಅದರ ಹಿಂದಿನ ಅಷ್ಟೂ ವರ್ಷ ಎಲ್ಲಿ ಹೋಯಿತು ಎಂದು ಕೇಳಿದೆ. ಆಗ ನನಗೆ ಏನೂ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ಅಣ್ಣ ಹೋದ ಹೊಸತರಲ್ಲಿ ನನಗೂ ಹಾಗೇ ಇತ್ತು. ಅವನು ದಿನಾ ಮಲಗುವ ಮುಂಚೆ ವಾಚಿಗೆ ಕೀ ಕೊಟ್ಟು, ನನ್ನ ಕಿವಿಗೆ ಹಿಡಿದು, "ಕೇಳಿಸ್ತಾ?" ಅನ್ನುತ್ತಿದ್ದ. ಅವನು ಹೋದ ಮೇಲೆ ಎಲ್ಲಿ ಟಿಕ್ ಟಿಕ್ ಕೇಳಿದರೂ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ನಾನು ಕರೆಯದಿದ್ದರೂ ನೆನಪು ಬಂದು ಮೈಮೇಲೆ ಬೀಳುತ್ತಿತ್ತು.

ಈಗ ಆರು ವರ್ಷವಾಯಿತು. ಆ ವಾಚಿಗೆ ನಾನೇ ಕೀ ಕೊಡುತ್ತೇನೆ. ಕಣ್ಣು ತುಂಬುವುದು ತಪ್ಪಿಲ್ಲ, ಆದರೆ ಈಗ ಅವನನ್ನು ನಾನೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಮೆಲುಕು ಹಾಕೋದು ಅಂತೀವಲ್ಲ, ಎಂಥಾ ಮಾತು ಅದು! ಹಸು ಮೇಯುವಾಗ ಸರಿಯಾಗಿ ಅಗಿಯದೆ ನುಂಗುತ್ತದೆ. ಆಮೇಲೆ ನೆರಳಲ್ಲಿ ಕಾಲು ಮಡಚಿ ಕೂತಾಗ ಅದನ್ನೇ ಮತ್ತೆ ಬಾಯಿಗೆ ತಂದು ನಿಧಾನವಾಗಿ ಅಗಿಯುತ್ತದೆ. ನಿನಗಿನ್ನೂ ನುಂಗುವ ಹೊತ್ತು ಕಣೋ.

ಒಂದು ವಿಷಯ ಮಾತ್ರ ನನ್ನನ್ನು ಜಾಸ್ತಿ ಕಾಡಿತು. ಅಣ್ಣ ವಾಚು ಹಿಡಿಯುತ್ತಿದ್ದದ್ದು ನಿನ್ನ ಕಿವಿಗಲ್ಲ, ನನ್ನ ಕಿವಿಗೆ ಎನ್ನುತ್ತಾಳೆ ಅಕ್ಕ. ನಾನಾಗ ನಿದ್ದೆ ಹೋಗಿರುತ್ತಿದ್ದೆನಂತೆ. ಅವಳು ಹಾಗಂದ ರಾತ್ರಿ ಅಣ್ಣನನ್ನು ಇನ್ನೊಮ್ಮೆ ಕಳೆದುಕೊಂಡ ಹಾಗಾಯಿತು. ಆಮೇಲೆ ಒಂದು ಕಡೆ ಓದಿದೆ. ಗಟ್ಟಿಯಾಗಿ ಕೂತ ನೆನಪೂ ಮತ್ತೆ ಎಬ್ಬಿಸಿದಾಗ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಆಗ ಅದು ಬದಲಾಗಬಹುದು ಎಂದು 2000ದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ತೋರಿಸಿತಂತೆ. ಹಾಗಾದರೆ ಅಕ್ಕ ಹೇಳಿದ್ದನ್ನು ಕೇಳಿ ಕೇಳಿ ನಾನು ನನ್ನದಾಗಿಸಿಕೊಂಡಿರಬಹುದು. ಇರಲಿ. ಈಗ ಇಬ್ಬರೂ ಸೇರಿ ಹೇಳುತ್ತೇವೆ.

ನಿನ್ನ ಅಮ್ಮನೂ ಹಳೆಯದನ್ನೇ ಹೇಳುತ್ತಿದ್ದರು, ಅಲ್ವಾ? ಅದು ಅರಳುಮರಳಲ್ಲ, ಬಾಳನ್ನು ತಿರುಗಿ ನೋಡಿಕೊಳ್ಳುವ ಸಹಜ ಕೆಲಸ ಎಂದು ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯ 1963ರಲ್ಲೇ ಬರೆದಿದ್ದ. ನಮಗೆ ತಿಳಿಯಲಿಲ್ಲ. ಮಳೆಯಲ್ಲಿ ಚಪ್ಪಲಿ ತೇಲಿಹೋದ ಕಥೆ ಶುರುಮಾಡಿದರೆ ಸಾಕು, "ಗೊತ್ತಮ್ಮಾ" ಎಂದು ತಡೆದುಬಿಡುತ್ತಿದ್ದೆವು. ಹಾಗಾಗಿ ನನಗೆ ಅದರ ಅರ್ಧ ಮಾತ್ರ ಗೊತ್ತು.

ಚಪ್ಪಲಿ ಹೋದ ಮೇಲೆ ಏನಾಯಿತು? ನಿನಗೆ ಹೇಳಬೇಕು ಅನ್ನಿಸಿದಾಗ ಪೂರ್ತಿ ಹೇಳು. ಅವಸರವಿಲ್ಲ.

ನಿನ್ನ ಗೆಳೆಯ